ಅಪರೂಪದ ನಾಡಮೀನುಗಳ ಮರಿ ಉತ್ಪಾದನೆಯಲ್ಲಿ ತಳಿ ವೈವಿಧ್ಯದ ರಕ್ಷಣೆ

ಕಾವೇರಿ ಮೇಲ್ದಂಡೆಯ ಊರೊಂದರಲ್ಲಿ ಕೃಷಿ ಹೊಂಡಗಳನ್ನು ಕುರಿತ ರೈತರ ತರಬೇತಿ ಮುಗಿಸಿ ಹೊರಡುವ ಹೊತ್ತಿಗೆ ಹಿರಿಯ ರೈತರೊಬ್ಬರು ಹತ್ತಿರ ಬಂದರು. "ಸಾರ್, ನಮ್ಮ ತೋಟದ ಹೊಂಡದಲ್ಲಿ ವರ್ಷವಿಡೀ ನೀರು ನಿಲ್ಲುತ್ತೆ. ಹೊಳೆಯಿಂದ ಎರಡು ಮೂರು ದೊಡ್ಡ ಮಹಶೀರ್ ಮೀನು ತಂದು ಮರಿ ಮಾಡಿಸಿ, ದೇವಸ್ಥಾನದ ಮಡುವಿಗೆ ಒಂದು ಹತ್ತು ಸಾವಿರ ಮರಿ ಬಿಟ್ಟರೆ ಹೊಳೆ ಮತ್ತೆ ತುಂಬಿಕೊಳ್ಳಲ್ವೇ? ನಮ್ಮ ಹುಡುಗರೆಲ್ಲ ಚಂದಾ ಎತ್ತೋಕೆ ತಯಾರಿದ್ದಾರೆ" ಎಂದರು. ಅವರ ಬಾಲ್ಯದಲ್ಲಿ ಮಡುವಿನಲ್ಲಿ ಆಳುದ್ದದ ಮೀನು ಕಾಣುತ್ತಿತ್ತಂತೆ. ಈಗ ಬೇಸಿಗೆಯಲ್ಲಿ ಮಡುವೇ ಅರ್ಧ ಬತ್ತುತ್ತದೆ.

ನಾನು ಬೇಸಾಯಶಾಸ್ತ್ರದವನು, ಮೀನಿನ ತಜ್ಞನಲ್ಲ. ಆದರೂ ಅವರ ಪ್ರಶ್ನೆ ನಮ್ಮ ಹೊಲದ ಪ್ರಶ್ನೆಯೇ ಆಗಿತ್ತು. ಬಿತ್ತನೆ ಬೀಜ ಕೈಗೆ ಬಂದಾಗ ನಾವು ಕೇಳಬೇಕಾದವು ಎರಡು: ಈ ಬೀಜ ಯಾವ ಸೀಮೆಯದು? ಎಷ್ಟು ಗಿಡಗಳಿಂದ ಕೂಡಿಸಿದ್ದು? ಕ್ವಿಂಟಲ್ ಎಷ್ಟು ಎಂಬುದು ಆಮೇಲಿನ ಮಾತು. ಮೀನುಮರಿಯ ವಿಷಯದಲ್ಲಿ ಮಾತ್ರ ನಾವು ಲಕ್ಷಗಳ ಲೆಕ್ಕವನ್ನೇ ಮೊದಲು ಕೇಳಿ, ಅಲ್ಲಿಗೇ ನಿಲ್ಲುತ್ತೇವೆ. ಆ ಹಿರಿಯರಿಗೆ ಅಂದು ನಿಂತ ನಿಲುವಿನಲ್ಲಿ ಉತ್ತರ ಕೊಡಲಾಗಲಿಲ್ಲ. ಮೀನುಗಾರಿಕೆಯ ಸಹೋದ್ಯೋಗಿಗಳೊಡನೆ ಚರ್ಚಿಸಿ, ಓದಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ಒಂದು ತಾಯಿಗೆ ಲಕ್ಷ ಮರಿ

1957ರ ಜುಲೈ 10ರಂದು ಒಡಿಶಾದ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಆಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ನಮ್ಮ ಗೆಂಡೆ ಜಾತಿಯ ಮೀನುಗಳನ್ನು ಕಟ್ಟಿದ ನೀರಿನಲ್ಲಿ ಮೊಟ್ಟೆ ಇಡುವಂತೆ ಮಾಡಿದರು. ಅಲ್ಲಿಯವರೆಗೆ ಮೀನುಮರಿ ಬೇಕೆಂದರೆ ಮುಂಗಾರಿನಲ್ಲಿ ನದಿಯ ದಡಕ್ಕೆ ಹೋಗಿ ಬಲೆ ಒಡ್ಡಬೇಕಾಗಿತ್ತು. ಆ ದಿನದಿಂದ ಮೀನುಸಾಕಣೆ ಹೊಳೆಯ ಹಂಗನ್ನು ಬಿಟ್ಟಿತು. ಇಂದು ಆ ದಿನವನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತೇವೆ. ನಮ್ಮ ಕೆರೆ ಹೊಂಡಗಳಲ್ಲಿ ಬೆಳೆಯುವ ಕಾಟ್ಲಾ, ರೋಹು, ಮೃಗಾಲ್‌ಗಳೆಲ್ಲ ಈ ವಿದ್ಯೆಯ ಫಲವೇ.

ಆದರೆ ಈ ವಿದ್ಯೆಯ ಅನುಕೂಲದೊಳಗೇ ಒಂದು ಅಪಾಯ ಅಡಗಿದೆ. ರೋಹು ಮೀನಿನ ಹೆಣ್ಣು ತನ್ನ ತೂಕದ ಪ್ರತಿ ಕಿಲೋಗೆ ಸುಮಾರು 2 ಲಕ್ಷ ಮೊಟ್ಟೆ ಇಡಬಲ್ಲುದು. ಹೀಗಿರುವಾಗ ಒಂದು ತಾಲ್ಲೂಕಿನ ಕೆರೆಗಳಿಗೆ ಬೇಕಾದ ಮರಿಗಳಿಗೆ ನಾಲ್ಕಾರು ತಾಯಿಮೀನು ಸಾಕು. ಹಸುವಾಗಲಿ ಕುರಿಯಾಗಲಿ ಹೀಗೆ ಮಾಡಲು ಬರುವುದಿಲ್ಲ. ಮಂದೆ ದೊಡ್ಡದಾಗಬೇಕಾದರೆ ತಾಯಂದಿರೂ ಹೆಚ್ಚಬೇಕು. ಮೀನಿನಲ್ಲಿ ಮಾತ್ರ ಕೆಲವೇ ತಂದೆತಾಯಿಗಳ ಮಕ್ಕಳು ಇಡೀ ಸೀಮೆಯನ್ನು ತುಂಬಿಬಿಡುವುದು ಸಾಧ್ಯ. ಮರುವರ್ಷ ಆ ಮಕ್ಕಳಲ್ಲೇ ಕೆಲವನ್ನು ತಾಯಿಮೀನಾಗಿ ಇಟ್ಟುಕೊಂಡರೆ ಅಣ್ಣತಂಗಿಯರ ಕೂಟವಾಗುತ್ತದೆ. ಚೆನ್ನಾಗಿ ಬೆಳೆದವನ್ನು ಸಂತೆಗೆ ಮಾರಿ, ಬೆಳೆಯದೆ ಉಳಿದುದನ್ನು ತಾಯಿಮೀನು ಮಾಡುವ ರೂಢಿಯಂತೂ ಇನ್ನೂ ಕೆಟ್ಟದ್ದು.

ಇದು ಊಹೆಯ ಮಾತಲ್ಲ. ಎಕ್ನಾಥ್ ಮತ್ತು ಡಾಯ್ಲ್ ಎಂಬ ವಿಜ್ಞಾನಿಗಳು ನಮ್ಮ ಕರ್ನಾಟಕದ ಗೆಂಡೆ ಮೀನುಮರಿ ಕೇಂದ್ರಗಳನ್ನೇ ಪರಿಶೀಲಿಸಿ 1990ರಲ್ಲಿ ವರದಿ ಪ್ರಕಟಿಸಿದರು. ತಳಿಯ ದೃಷ್ಟಿಯಿಂದ ಲೆಕ್ಕಕ್ಕೆ ಬರುವ ತಂದೆತಾಯಿಗಳ ಸಂಖ್ಯೆ ಈ ಕೇಂದ್ರಗಳಲ್ಲಿ 3ರಿಂದ 30ರಷ್ಟು ಮಾತ್ರ ಇತ್ತು. ಪ್ರತಿ ತಲೆಮಾರಿಗೆ ಒಳಸಂಕರಣ ಶೇಕಡಾ 2ರಿಂದ 17ರಷ್ಟು ಏರುತ್ತಿತ್ತು. ಕೊಳದಲ್ಲಿ ಓಡಾಡುವ ಮೀನನ್ನು ಎಣಿಸಿದರೆ ಈ ಅಂಕಿ ಸಿಗುವುದಿಲ್ಲ. ಇದರ ಲೆಕ್ಕ ಬೇರೆ.

ಈರುಳ್ಳಿಯ ಪಾಠ

ಒಳಸಂಕರಣವೆಂದರೇನೆಂಬುದನ್ನು ನಾನು ಪುಸ್ತಕಕ್ಕಿಂತ ಮೊದಲು ಈರುಳ್ಳಿಯಿಂದ ಕಲಿತೆ. ಸಂಶೋಧನೆಯ ಮೊದಲ ವರ್ಷಗಳಲ್ಲಿ ನಾಟಿ ಈರುಳ್ಳಿಯ ಒಂದು ಬಗೆಯನ್ನು ಉಳಿಸಬೇಕೆಂಬ ಉತ್ಸಾಹದಿಂದ, ಕಣದಲ್ಲಿ ಕಣ್ಣಿಗೆ ಬಿದ್ದ ಅತಿ ಚೆಲುವಾದ ಆರು ಗಡ್ಡೆಗಳನ್ನು ಆರಿಸಿ ನೆಟ್ಟು, ಬಲೆಯ ಪರದೆ ಕಟ್ಟಿ, ಬೀಜ ಮಾಡಿದೆ. ಮೊದಲ ಸಲ ಬೀಜ ಬೇಕಾದಷ್ಟು ಬಂತು, ಹೆಮ್ಮೆಪಟ್ಟೆ. ಮತ್ತೆ ಅದರಲ್ಲೇ ಕೆಲವನ್ನು ಆರಿಸಿದೆ. ಮೂರನೆಯ ಸುತ್ತಿಗೆ ಹೂಗೊಂಚಲಿನಲ್ಲಿ ಜೊಳ್ಳು ಹೆಚ್ಚಿತು, ಸಸಿಗಳು ಬಿಳಿಚಿಕೊಂಡವು, ಗಡ್ಡೆ ನಿಂಬೆಗಾತ್ರಕ್ಕಿಂತ ಮೇಲೇರಲಿಲ್ಲ. ಬೀಜ ಕೊಟ್ಟಿದ್ದ ರೈತರ ಮನೆಗೆ ಹೋಗಿ ನೋಡಿದರೆ ಅವರ ಹೊಲದ ಈರುಳ್ಳಿ ಎಂದಿನಂತೆಯೇ ಇತ್ತು. ಅವರು ಪ್ರತಿ ವರ್ಷ ಒಂದು ಕುಕ್ಕೆ ತುಂಬ ಗಡ್ಡೆಯನ್ನು ಬೀಜಕ್ಕೆ ಬಿಡುತ್ತಿದ್ದರು, ಅಷ್ಟೇ ವ್ಯತ್ಯಾಸ.

ಕಾರಣ ಇಷ್ಟು. ಪ್ರತಿ ಜೀವಿಯೂ ಪ್ರತಿ ಗುಣಕ್ಕೆ ತಂದೆಯಿಂದ ಒಂದು, ತಾಯಿಯಿಂದ ಒಂದು ವಂಶವಾಹಿಯನ್ನು ಪಡೆಯುತ್ತದೆ. ಇವುಗಳಲ್ಲಿ ಒಂದು ದೋಷವುಳ್ಳದ್ದಾದರೂ ಮತ್ತೊಂದು ಸರಿಯಾಗಿದ್ದರೆ ಕೆಲಸ ನಡೆದುಹೋಗುತ್ತದೆ. ರಕ್ತಸಂಬಂಧಿಗಳು ಕೂಡಿದಾಗ ಒಂದೇ ಅಜ್ಜನಿಂದ ಬಂದ ಒಂದೇ ದೋಷ ಎರಡು ಕಡೆಯಿಂದಲೂ ಬಂದು ಸೇರುವ ಸಂಭವ ಹೆಚ್ಚುತ್ತದೆ. ಆಗ ಮೊಟ್ಟೆ ಒಡೆಯದಿರುವುದು, ಬೆನ್ನು ಸೊಟ್ಟಗಾಗುವುದು, ಕಿವಿರಿನ ಮುಚ್ಚಳ ಗಿಡ್ಡವಾಗುವುದು, ಬೆಳವಣಿಗೆ ಕುಂದುವುದು, ರೋಗಕ್ಕೆ ಬೇಗ ತುತ್ತಾಗುವುದು ಮೊದಲಾದವು ಕಾಣಿಸಿಕೊಳ್ಳುತ್ತವೆ.

ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದೇ ಇಲ್ಲ. ಒಂದು ನದಿಯ ಮೀನಿನಲ್ಲಿ ಯಾವುದೋ ಒಂದು ರೋಗವನ್ನು ತಡೆಯುವ ವಂಶವಾಹಿಯ ರೂಪವೊಂದು ನೂರಕ್ಕೆ ಐದರ ಪ್ರಮಾಣದಲ್ಲಿ ಇದೆಯೆಂದಿಟ್ಟುಕೊಳ್ಳಿ. ಆ ನದಿಯಿಂದ ನಾವು ಮೂರೇ ಮೀನು ತಂದರೆ ಆ ರೂಪ ನಮ್ಮ ಕೈಗೆ ಬಾರದೇ ಹೋಗುವ ಸಂಭವ ನೂರಕ್ಕೆ 73ಕ್ಕೂ ಹೆಚ್ಚು. ಐವತ್ತು ಮೀನು ತಂದರೆ ಅದು ತಪ್ಪಿಹೋಗುವ ಸಂಭವ ನೂರಕ್ಕೆ ಒಂದಕ್ಕಿಂತಲೂ ಕಡಮೆ. ಮೂರು ಮೀನಿನಿಂದ ಹತ್ತು ಸಾವಿರ ಮರಿ ಮಾಡಿದರೂ, ಹತ್ತು ಲಕ್ಷ ಮಾಡಿದರೂ ಕೈತಪ್ಪಿದ್ದು ಮತ್ತೆ ಬರುವುದಿಲ್ಲ. ಇಲ್ಲದ ಬೀಜವನ್ನು ಮರಿಗಳ ಸಂಖ್ಯೆ ಹುಟ್ಟಿಸಲಾರದು.

ಲೆಕ್ಕ ಹಾಕುವ ಬಗೆ

ತಳಿಯ ದೃಷ್ಟಿಯಿಂದ ಲೆಕ್ಕಕ್ಕೆ ಬರುವ ಸಂಖ್ಯೆಯನ್ನು ಪರಿಣಾಮಕಾರಿ ಸಂಖ್ಯೆ ಎನ್ನುತ್ತಾರೆ. ಇದನ್ನು ಕಾಣಲು ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಬಂದ ಗುಣಲಬ್ಧವನ್ನು 4ರಿಂದ ಗುಣಿಸಿ, ಮೊಟ್ಟೆ ಇಡಲು ಬಳಸಿದ ಒಟ್ಟು ಮೀನುಗಳ ಸಂಖ್ಯೆಯಿಂದ ಭಾಗಿಸಬೇಕು.

ಉದಾಹರಣೆಗೆ ನಿಮ್ಮಲ್ಲಿ 25 ತಾಯಿತಂದೆ ಮೀನುಗಳಿವೆ ಎನ್ನೋಣ. 12 ಗಂಡು, 13 ಹೆಣ್ಣು ಬಳಸಿದರೆ ಪರಿಣಾಮಕಾರಿ ಸಂಖ್ಯೆ ಹೆಚ್ಚುಕಡಮೆ 25ಕ್ಕೆ 25. 'ಗಂಡು ಹೆಚ್ಚೇಕೆ, ಐದು ಸಾಕು' ಎಂದು 5 ಗಂಡು, 20 ಹೆಣ್ಣು ಬಳಸಿದರೆ ಅದು 16ಕ್ಕೆ ಇಳಿಯುತ್ತದೆ. ಒಂದೇ ಗಂಡಿನ ಹಾಲನ್ನು 24 ಹೆಣ್ಣುಗಳ ಮೊಟ್ಟೆಗೆ ಹಚ್ಚಿದರೆ 4ಕ್ಕೂ ಕಡಮೆ! ಮೀನು ಅವೇ 25, ಮೇವಿನ ಖರ್ಚು ಅಷ್ಟೇ, ಮರಿಗಳೂ ಅಷ್ಟೇ ಬರಬಹುದು. ಆದರೆ ನಿಜವಾಗಿ ನಿಮ್ಮ ಹತ್ತಿರ ಇರುವುದು ನಾಲ್ಕು ಮೀನಿನ ತಳಿ.

ಪರಿಣಾಮಕಾರಿ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಒಂದನ್ನು ಅದರಿಂದ ಭಾಗಿಸಿದರೆ ಒಂದು ತಲೆಮಾರಿನಲ್ಲಿ ಏರುವ ಒಳಸಂಕರಣ ಸಿಗುತ್ತದೆ. ಸಂಖ್ಯೆ 50 ಆದರೆ ಶೇಕಡಾ 1. ಸಂಖ್ಯೆ 4 ಆದರೆ ಶೇಕಡಾ 12.5. ನಾಲ್ಕರ ಲೆಕ್ಕದಲ್ಲಿ ಐದು ತಲೆಮಾರು ಸಾಗಿದರೆ ಮೊದಲಿದ್ದ ವೈವಿಧ್ಯದಲ್ಲಿ ಅರ್ಧದಷ್ಟು ಮಾತ್ರ ಉಳಿಯುತ್ತದೆ. ಐವತ್ತರ ಲೆಕ್ಕದಲ್ಲಿ ಐದು ತಲೆಮಾರು ಕಳೆದರೂ ಶೇಕಡಾ 95ರಷ್ಟು ಉಳಿದಿರುತ್ತದೆ. ಅಲ್ಪಕಾಲಕ್ಕೆ ಕನಿಷ್ಠ 50 ಎಂಬ ಮಿತಿಯನ್ನು ತಳಿವಿಜ್ಞಾನಿಗಳು 1980ರಿಂದ ಹೇಳುತ್ತ ಬಂದಿರುವುದು ಈ ಕಾರಣದಿಂದ. ಬಹುಕಾಲ ಉಳಿಯಬೇಕಾದ ಸಂತತಿಗೆ ಅದೂ ಸಾಲದು, 500 ಬೇಕೆನ್ನುತ್ತಾರೆ.

ಹೊಂಡದ ಮೀನು ಬೇರೆ, ಹೊಳೆಯ ಮೀನು ಬೇರೆ

ಇಲ್ಲಿ ರೈತ ಬಾಂಧವರು ಒಂದು ಭೇದವನ್ನು ಚೆನ್ನಾಗಿ ಗಮನಿಸಬೇಕು. ಹೊಂಡದಲ್ಲಿ ಸಾಕಿ ಮಾರುವ ಮೀನಿಗೆ ಬೇಕಾದ್ದು ಬೇಗ ಬೆಳೆಯುವ ಗುಣ. ಭುವನೇಶ್ವರದ ಬಳಿಯ ಕೌಸಲ್ಯಾಗಂಗಾದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯವರು ನಾರ್ವೆ ದೇಶದ ನೆರವಿನಿಂದ 1992ರಲ್ಲಿ ರೋಹು ಮೀನಿನ ತಳಿ ಸುಧಾರಣೆ ಆರಂಭಿಸಿದಾಗ ಗಂಗಾ, ಯಮುನಾ, ಗೋಮತಿ, ಬ್ರಹ್ಮಪುತ್ರಾ, ಸಟ್ಲೆಜ್ ನದಿಗಳ ರೋಹುಗಳನ್ನು ಸಾಕಣೆಯ ರೋಹುವಿನೊಡನೆ ಬೆರೆಸಿದರು. ಐದು ನದಿಗಳ ಬೀಜ ಒಂದೆಡೆ ಸೇರಿದ್ದರಿಂದ ಆರಿಸಿಕೊಳ್ಳಲು ಬೇಕಾದಷ್ಟು ವೈವಿಧ್ಯ ಸಿಕ್ಕಿತು. ಪ್ರತಿ ತಲೆಮಾರಿಗೆ ಸರಾಸರಿ ಶೇಕಡಾ 17ರಷ್ಟು ಬೆಳವಣಿಗೆ ಹೆಚ್ಚಿ, 'ಜಯಂತಿ ರೋಹು' ಎಂಬ ಹೆಸರಿನಿಂದ ರೈತರ ಕೈಸೇರಿತು. ಹೊಂಡಕ್ಕೆ ಇದು ಸರಿಯಾದ ದಾರಿ.

ಇದೇ ದಾರಿ ಹೊಳೆಯ ಮೀನಿಗೆ ತಪ್ಪು. ಹೊಳೆಯಲ್ಲಿ ಮೇವು ಹಾಕುವವರಿಲ್ಲ, ಔಷಧಿ ಇಲ್ಲ. ಯಾವ ತಿಂಗಳು ಏರುನೀರಿಗೆ ಹತ್ತಬೇಕು, ಯಾವ ಗರಸಿನಲ್ಲಿ ಮೊಟ್ಟೆ ಇಡಬೇಕು, ಬೇಸಿಗೆಯ ಬಿಸಿನೀರನ್ನು ಹೇಗೆ ತಾಳಬೇಕು ಎಂಬುದೆಲ್ಲ ಆ ನದಿಯ ಮೀನಿಗೆ ಸಾವಿರಾರು ವರ್ಷಗಳಲ್ಲಿ ಒಗ್ಗಿ ಬಂದ ಗುಣ. ಬಯಲುಸೀಮೆಯ ಬಿಳಿಜೋಳವನ್ನು ಮಲೆನಾಡಿನ ಗದ್ದೆಗೆ ಬಿತ್ತುವವರು ಯಾರೂ ಇಲ್ಲ. ಆದರೆ ಒಂದು ನದಿಯ ಮೀನನ್ನು ಇನ್ನೊಂದು ನದಿಗೆ ಬಿಡುವಾಗ ನಮಗೆ ಹೀಗೆ ಅನ್ನಿಸುವುದೇ ಇಲ್ಲ.

ಕಾವೇರಿಯ ಗೂನುಬೆನ್ನಿನ ಮಹಶೀರ್

ಮಹಶೀರ್‌ಗಳಲ್ಲಿ ಒಂದೇ ಜಾತಿಯಿಲ್ಲ. ತುಳುನಾಡಿನವರು ಪೆರುವೊಳು ಎಂದು ಕರೆಯುವ, ಶಿಶಿಲ, ಶೃಂಗೇರಿ ಮೊದಲಾದ ಕ್ಷೇತ್ರಗಳ ಮಡುಗಳಲ್ಲಿ ಭಕ್ತರು ಹುರಿಯಕ್ಕಿ ಹಾಕಿ ನೋಡುವ ದೊಡ್ಡ ಹುರುಪೆಯ ಮೀನುಗಳು ಈ ಕುಲದವು. ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವ ಇನ್ನೊಂದು ಜಾತಿಯಿದೆ. ತಲೆಯ ಹಿಂದೆ ಬೆನ್ನು ಗೂನಿನಂತೆ ಎದ್ದಿರುತ್ತದೆ, ಈಜುರೆಕ್ಕೆಗಳು ಕಿತ್ತಳೆ ಬಣ್ಣದವು. ಗಾಳ ಹಾಕಿ ಹಿಡಿದ ಮಹಶೀರ್‌ಗಳಲ್ಲಿ ಅತಿ ಭಾರದ್ದೆಂದು ದಾಖಲಾದ ಮೀನು ಸಿಕ್ಕಿದ್ದು ನಮ್ಮ ಕಬಿನಿಯಲ್ಲೇ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅವರು ಹಿಡಿದ ಆ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು.

ಆಶ್ಚರ್ಯವೆಂದರೆ, ಇಷ್ಟು ಪ್ರಸಿದ್ಧವಾದ ಈ ಮೀನಿಗೆ ಬಹುಕಾಲ ಖಚಿತವಾದ ಶಾಸ್ತ್ರೀಯ ಹೆಸರೇ ಇರಲಿಲ್ಲ. ಕೇರಳದಲ್ಲಿ ಹರಿಯುವ, ಕಾವೇರಿ ಕೊಳ್ಳಕ್ಕೇ ಸೇರಿದ ಪಾಂಬಾರ್ ನದಿಯಿಂದ ವರ್ಣಿಸಲಾಗಿದ್ದ 'ಟಾರ್ ರೆಮಾದೇವಿ' ಎಂಬ ಮೀನೇ ಇದು ಎಂದು 2018ರಲ್ಲಿ ವಂಶವಾಹಿಗಳ ಪರೀಕ್ಷೆಯಿಂದ ಗೊತ್ತಾಯಿತು. ಅದೇ ವರ್ಷ ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅದನ್ನು 'ತೀವ್ರ ಅಳಿವಿನಂಚಿನಲ್ಲಿರುವ' ಜಾತಿಯೆಂದು ಸೇರಿಸಲಾಯಿತು. ಹೆಸರು ಸಿಕ್ಕುವ ಹೊತ್ತಿಗೆ ಮೀನು ಮರೆಯಾಗುತ್ತಿತ್ತು.

ಮರೆಯಾದದ್ದು ಹೇಗೆ? ಅಣೆಕಟ್ಟುಗಳು ಏರುನೀರಿನ ದಾರಿ ಮುಚ್ಚಿದವು. ಮರಳು ತೆಗೆದು ಮೊಟ್ಟೆ ಇಡುವ ಗರಸು ಹೋಯಿತು. ಸಿಡಿಮದ್ದು ಹಾಕಿ ಮೀನು ಕೊಲ್ಲುವ ಪಾಪಕಾರ್ಯವೂ ನಡೆಯಿತು. ಇವೆಲ್ಲ ನಿಮಗೆ ಗೊತ್ತಿರುವುದೇ. ಇವುಗಳ ಜೊತೆಗೆ ಒಳ್ಳೆಯ ಉದ್ದೇಶದಿಂದ ನಡೆದ ಇನ್ನೊಂದು ಕೆಲಸವೂ ಸೇರಿತು. 1970ರ ದಶಕದಲ್ಲಿ ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ತಮ್ಮ ಜಲಾಶಯದ ಬಳಿ ಮಹಶೀರ್ ಮರಿ ಉತ್ಪಾದನೆಯನ್ನು ಯಶಸ್ವಿಯಾಗಿ ಆರಂಭಿಸಿದರು. ಮಹಶೀರ್ ಕೈಗೆ ಸಿಗದ ಮೀನೆಂಬ ಕಾಲದಲ್ಲಿ ಅದು ದೊಡ್ಡ ಸಾಧನೆಯೇ. ಅಲ್ಲಿಯ ಮರಿಗಳು ದೇಶದ ಅನೇಕ ನದಿಗಳಿಗೆ ಹೋದವು, ಕಾವೇರಿಗೂ ಬಂದವು. ಆದರೆ ಅವು ಕೃಷ್ಣಾ ಕೊಳ್ಳದ ದಖ್ಖನ್ ಮಹಶೀರ್. ಪುಣೆಯ ಬಳಿಯ ನದಿಯಿಂದ ಸೈಕ್ಸ್ ಎಂಬಾತ 1839ರಲ್ಲಿ ವರ್ಣಿಸಿದ 'ಟಾರ್ ಖುದ್ರಿ'. ರೆಕ್ಕೆ ನೀಲಿ, ಗೂನು ಇಲ್ಲ. ಆ ದಿನಗಳಲ್ಲಿ ಮಹಶೀರ್ ಎಂದರೆ ಮಹಶೀರ್, ಅಷ್ಟೇ. ಎರಡೂ ಬೇರೆ ಬೇರೆ ಜಾತಿ ಎಂಬುದನ್ನು ಯಾರೂ ಗಟ್ಟಿಯಾಗಿ ಹೇಳುವ ಸ್ಥಿತಿಯಲ್ಲಿರಲಿಲ್ಲ. ಆದ್ದರಿಂದ ಈಗ ಯಾರನ್ನೂ ದೂರುವುದು ನ್ಯಾಯವಲ್ಲ.

ಮುಂದೇನಾಯಿತೆಂಬುದು ಗಾಳ ಹಾಕಿ ಹಿಡಿದು ಮತ್ತೆ ನೀರಿಗೇ ಬಿಡುತ್ತಿದ್ದ ಹವ್ಯಾಸಿಗಳ ಶಿಬಿರದ ದಾಖಲೆಗಳಿಂದ ತಿಳಿಯುತ್ತದೆ. 1998ರಿಂದ 2012ರವರೆಗಿನ ಈ ಲೆಕ್ಕಗಳನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ನೀಲಿ ರೆಕ್ಕೆಯ ಮೀನು ವರ್ಷದಿಂದ ವರ್ಷಕ್ಕೆ ಹೆಚ್ಚಿತು, ಅದರ ಸರಾಸರಿ ತೂಕ ಇಳಿಯಿತು. ಎಂದರೆ ಎಳೆಯ ಮೀನು ತುಂಬಿಕೊಂಡವು. ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮೀನು ಅಪರೂಪವಾಗುತ್ತ ಬಂತು, ಸಿಕ್ಕವುಗಳ ತೂಕ ಮಾತ್ರ ಏರುತ್ತ ಹೋಯಿತು. ತೂಕ ಏರಿತೆಂದು ಸಂತೋಷಪಡುವಂತಿಲ್ಲ. ಮುದುಕರು ಮಾತ್ರ ಉಳಿದು ಮಕ್ಕಳೇ ಇಲ್ಲದ ಹಟ್ಟಿಯ ಲೆಕ್ಕ ಅದು. 'ಕಾವೇರಿಯಲ್ಲಿ ಮಹಶೀರ್ ಹೆಚ್ಚಿದೆ' ಎಂಬ ಮಾತು ಅಂಕಿಯಲ್ಲಿ ನಿಜವಾಗಿತ್ತು. ಯಾವ ಮಹಶೀರ್ ಎಂದು ಕೇಳಿದ್ದರೆ ಉತ್ತರ ಬೇರೆಯಾಗುತ್ತಿತ್ತು.

ಗೂನುಬೆನ್ನಿನ ಮೀನು ಈಗ ಮೋಯಾರ್‌ನಂಥ ಕೆಲವೇ ಕಡೆ ಅಲ್ಪ ಸಂಖ್ಯೆಯಲ್ಲಿ ಉಳಿದಿದೆ. ಅದನ್ನು ಉಳಿಸಲು ಮರಿ ಉತ್ಪಾದನೆ ಬೇಕಾದೀತು. ಆದರೆ ಉಳಿದಿರುವ ಕೆಲವೇ ಮೀನುಗಳಿಂದ ಆ ಕೆಲಸ ಮಾಡುವಾಗ ಮೇಲೆ ಹೇಳಿದ ಲೆಕ್ಕ ತಪ್ಪಿದರೆ, ಮೀನು ಉಳಿದೂ ತಳಿ ಹೋಗುತ್ತದೆ.

ಹೊಳೆಗೆ ಮರಿ ಸುರಿದರೆ ಆಗುವುದೇನು?

'ಹೊಳೆಯಲ್ಲಿ ಇರುವುದು ಇದ್ದೇ ಇರುತ್ತದೆ, ನಮ್ಮ ಮರಿ ಅದಕ್ಕೆ ಸೇರುತ್ತದೆ, ನಷ್ಟವೇನು' ಎಂಬ ಪ್ರಶ್ನೆ ಸಹಜ. ಇದರ ಉತ್ತರವನ್ನು ರೈಮನ್ ಮತ್ತು ಲೈಕ್ರೆ ಎಂಬ ಸ್ವೀಡನ್ನಿನ ವಿಜ್ಞಾನಿಗಳು 1991ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಹೊಳೆಯಲ್ಲಿ ಪರಿಣಾಮಕಾರಿ ಸಂಖ್ಯೆ 200 ಇದೆ ಎನ್ನಿ. ಕೇಂದ್ರದಲ್ಲಿ 4ರ ಲೆಕ್ಕದ ತಂದೆತಾಯಿಗಳಿಂದ ಹೇರಳವಾಗಿ ಮರಿ ಮಾಡಿ ಬಿಟ್ಟೆವು. ಮುಂದಿನ ತಲೆಮಾರಿನ ಮೀನಿನಲ್ಲಿ ಅರ್ಧ ಹೊಳೆಯವು, ಅರ್ಧ ನಮ್ಮವು ಆದರೆ ಒಟ್ಟು ಪರಿಣಾಮಕಾರಿ ಸಂಖ್ಯೆ 204 ಆಗುವುದಿಲ್ಲ. ಸುಮಾರು 16ಕ್ಕೆ ಕುಸಿಯುತ್ತದೆ. ಮಡುವಿನಲ್ಲಿ ಮೀನು ಮೊದಲಿಗಿಂತ ಹೆಚ್ಚು ಕಾಣುತ್ತದೆ, ತಳಿ ಮೊದಲಿಗಿಂತ ಬಡವಾಗಿರುತ್ತದೆ. ಮರಿ ಬಿಡುವ ಕೆಲಸ ಹೆಚ್ಚು ಯಶಸ್ವಿಯಾದಷ್ಟೂ ಹಾನಿ ಹೆಚ್ಚು ಎಂಬುದು ಇದರ ವಿಚಿತ್ರ. ಈ ಲೆಕ್ಕವನ್ನು ಮೊದಲ ಸಲ ಕಾಗದದ ಮೇಲೆ ಮಾಡಿ ನೋಡಿದಾಗ ನಾನೇ ನಂಬಲಿಲ್ಲ. ಎರಡು ಸಲ ಮಾಡಿದೆ.

ಸಾಕಣೆಯ ನೀರಿಗೆ ಒಗ್ಗುವ ತೊಂದರೆಯೂ ಇದೆ. ತೊಟ್ಟಿಯಲ್ಲಿ ಬದುಕುವ ಮರಿ ಕೈಯಿಂದ ಬೀಳುವ ಮೇವಿಗೆ ಬಾಯಿ ಹಾಕುವಂಥದು, ನೆರಳು ಬಿದ್ದರೂ ಓಡದಂಥದು. ಹೊಳೆಯಲ್ಲಿ ಅಂಥದ್ದನ್ನು ಮೀನುಗುಟುಕ ಹಕ್ಕಿ ಮೊದಲು ಹಿಡಿಯುತ್ತದೆ. ಅಮೆರಿಕದ ಆರೆಗಾನ್ ಸೀಮೆಯ ಹುಡ್ ನದಿಯಲ್ಲಿ ಸ್ಟೀಲ್‌ಹೆಡ್ ಎಂಬ ಟ್ರೌಟ್ ಮೀನಿನ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೇಂದ್ರದಲ್ಲಿ ಕಳೆದ ಪ್ರತಿ ತಲೆಮಾರಿಗೂ ಕಾಡಿನ ನೀರಿನಲ್ಲಿ ಸಂತಾನ ಬೆಳೆಸುವ ಶಕ್ತಿ ಸುಮಾರು ಶೇಕಡಾ 40ರಷ್ಟು ಕುಗ್ಗಿದುದು ಕಂಡುಬಂತು. ಆದ್ದರಿಂದ ಕೇಂದ್ರದಲ್ಲಿ ಹುಟ್ಟಿದ ಮೀನನ್ನೇ ಮತ್ತೆ ಮತ್ತೆ ತಾಯಿಮೀನು ಮಾಡತಕ್ಕದ್ದಲ್ಲ.

ಮರಿ ಕೇಂದ್ರದಲ್ಲಿ ಅನುಸರಿಸಬೇಕಾದ ಕ್ರಮ

ಕೆಳಗಿನ ಮಾತುಗಳು ಮಹಶೀರ್‌ಗೆ ಮಾತ್ರವಲ್ಲ, ನಮ್ಮ ಹೊಳೆಗಳ ಯಾವುದೇ ಅಪರೂಪದ ಗೆಂಡೆಗೂ ಮೀಸೆ ಮೀನಿಗೂ ಅನ್ವಯಿಸುತ್ತವೆ.

ಮೊದಲನೆಯದಾಗಿ ಮೀನು ಯಾವ ಜಾತಿಯದು, ಯಾವ ನದಿಯದು ಎಂಬುದನ್ನು ಕಣ್ಣಂದಾಜಿನಿಂದ ತೀರ್ಮಾನಿಸಬಾರದು. ಈಜುರೆಕ್ಕೆಯ ತುದಿಯಿಂದ ಕಡಲೆಬೇಳೆಯಷ್ಟು ತುಣುಕು ಕತ್ತರಿಸಿ, ನೀರು ಬೆರೆಸದ ಮದ್ಯಸಾರದಲ್ಲಿ ಅದ್ದಿಟ್ಟರೆ ವಂಶವಾಹಿ ಪರೀಕ್ಷೆಗೆ ಸಾಕು. ಮೀನಿಗೆ ತೊಂದರೆಯಿಲ್ಲ, ಗಾಯ ಮಾಯುತ್ತದೆ. 1983ರಲ್ಲಿ ಸ್ಥಾಪನೆಯಾದ ಲಖನೌದ ರಾಷ್ಟ್ರೀಯ ಮೀನು ತಳಿ ಸಂಪನ್ಮೂಲ ಸಂಸ್ಥೆ ಇಂಥ ವಿಷಯಗಳಿಗೇ ಮೀಸಲಾದುದು. ನಮ್ಮಲ್ಲಿ 1969ರಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಅಂಗವಾಗಿ ಆರಂಭವಾಗಿ, ಈಗ ಬೀದರದ ಪಶುವೈದ್ಯಕೀಯ ಮತ್ತು ಮೀನುಗಾರಿಕೆ ವಿಶ್ವವಿದ್ಯಾನಿಲಯಕ್ಕೆ ಸೇರಿರುವ ಮಂಗಳೂರಿನ ಮೀನುಗಾರಿಕೆ ಕಾಲೇಜಿನವರನ್ನೂ ಕೇಳಬಹುದು.

ತಾಯಿತಂದೆ ಮೀನುಗಳನ್ನು ಒಂದೇ ಮಡುವಿನಿಂದ, ಒಂದೇ ದಿನ ಹಿಡಿಯಬಾರದು. ಒಂದು ಮಡುವಿನಲ್ಲಿ ಒಂದೇ ಕುಟುಂಬ ಕೂಡಿರುವುದುಂಟು. ಅದೇ ನದಿಯ ಹಲವು ಕಡೆಯಿಂದ, ಎರಡು ಮೂರು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕೂಡಿಸಬೇಕು. ದೊಡ್ಡವನ್ನೇ ಆರಿಸುವುದು ಬೇಡ. 25 ಗಂಡು, 25 ಹೆಣ್ಣು ಗುರಿಯಾಗಿರಲಿ. ಪ್ರತಿ ಮೀನಿಗೂ ಗುರುತು ಬೇಕು. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ವಿದ್ಯುನ್ಮಾನ ಗುರುತನ್ನು ಚರ್ಮದಡಿ ಸೇರಿಸುವ ಪದ್ಧತಿ ಈಗ ಬಂದಿದೆ. ಗುರುತಿಲ್ಲದ ಕೊಳದಲ್ಲಿ ಯಾರು ಯಾರ ಮಗನೆಂದು ಹೇಳಲು ಬ್ರಹ್ಮನಿಂದಲೂ ಆಗದು.

ಮೊಟ್ಟೆಗೆ ಹಾಲು ಹಚ್ಚುವ ಹಂತದಲ್ಲಿಯೇ ತಪ್ಪು ಹೆಚ್ಚು. ಹಲವು ಗಂಡುಗಳ ಹಾಲನ್ನು ಒಂದೇ ಬಟ್ಟಲಲ್ಲಿ ಬೆರೆಸಿ ಮೊಟ್ಟೆಯ ಮೇಲೆ ಸುರಿದರೆ ಎಲ್ಲರಿಗೂ ಸಮಪಾಲು ಸಿಕ್ಕಿತೆಂದು ಭಾವಿಸುತ್ತಾರೆ. ಹಾಗಾಗುವುದಿಲ್ಲ. ನೀರು ತಗುಲಿದ ಮೇಲೆ ವೀರ್ಯಾಣು ಚುರುಕಾಗಿರುವುದು ಒಂದು ನಿಮಿಷದ ಆಸುಪಾಸು. ಆ ಓಟದಲ್ಲಿ ಒಂದೆರಡು ಗಂಡುಗಳೇ ಬಹುಪಾಲು ಮೊಟ್ಟೆಗಳಿಗೆ ತಂದೆಯಾಗಿಬಿಡುತ್ತವೆ. ಇದಕ್ಕೆ ಬದಲಾಗಿ ಒಂದು ಹೆಣ್ಣಿನ ಮೊಟ್ಟೆಯನ್ನು ಒಣಗಿದ ಬೇಸಿನ್‌ಗಳಲ್ಲಿ ನಾಲ್ಕೈದು ಪಾಲು ಮಾಡಿ, ಒಂದೊಂದು ಪಾಲಿಗೆ ಒಂದೊಂದು ಗಂಡಿನ ಹಾಲನ್ನು ಹಕ್ಕಿಯ ಗರಿಯಿಂದ ಮೃದುವಾಗಿ ಬೆರೆಸಿ, ಬಳಿಕ ನೀರು ಸೇರಿಸಬೇಕು. ಅದೇ ಗಂಡುಗಳನ್ನು ಬೇರೆ ಹೆಣ್ಣುಗಳ ಪಾಲಿಗೂ ಬಳಸಬಹುದು. ಕೆಲಸ ಸ್ವಲ್ಪ ಹೆಚ್ಚು, ಬೇಸಿನ್ ಕೆಲವು ಹೆಚ್ಚು, ಮತ್ತೇನೂ ಖರ್ಚಿಲ್ಲ.

ಮರಿಗಳು ಹಳದಿಚೀಲ ಕರಗಿಸಿ ಈಜಲಾರಂಭಿಸಿದಾಗ ಎಲ್ಲವನ್ನೂ ಒಟ್ಟಿಗೆ ಸುರಿಯದೆ, ಪ್ರತಿ ಜೋಡಿಯಿಂದ ಸಮಸಂಖ್ಯೆಯ ಮರಿಗಳನ್ನು ಎಣಿಸಿ ತೆಗೆದು ಸೇರಿಸಬೇಕು. ಒಂದು ಜೋಡಿ 5,000 ಮರಿ ಕೊಟ್ಟು ಇನ್ನೊಂದು 400 ಮಾತ್ರ ಕೊಟ್ಟರೆ, ಎರಡರಿಂದಲೂ 400 ತೆಗೆದುಕೊಳ್ಳುವುದು ಸರಿಯಾದ ಕ್ರಮ. ಉಳಿದ 4,600 ಮರಿಗಳನ್ನು ಹೊಳೆಗೆ ಬಿಡದಿರಲು ಯಾರಿಗೂ ಮನಸ್ಸು ಬರುವುದಿಲ್ಲವೆಂದು ನಾನು ಬಲ್ಲೆ. ಆದರೆ ಕುಟುಂಬಗಳು ಸಮವಾಗಿದ್ದರೆ ಪರಿಣಾಮಕಾರಿ ಸಂಖ್ಯೆ ಬಳಸಿದ ಮೀನುಗಳ ಸಂಖ್ಯೆಗಿಂತ ಹೆಚ್ಚಾಗಿ ಅದರ ಎರಡರಷ್ಟರ ಸಮೀಪಕ್ಕೆ ಹೋಗಬಲ್ಲುದು. 25 ಮೀನಿರುವವನಿಗೆ ಸುಮಾರು 50ರ ಫಲ. ತಾಯಿಮೀನೇ ಸಿಗದ ಅಪರೂಪದ ಜಾತಿಗೆ ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಋತುವಿನ ಮೊದಲ ವಾರದಲ್ಲೇ ಬೇಕಾದಷ್ಟು ಮರಿ ಸಿಕ್ಕಿತೆಂದು ಕೆಲಸ ನಿಲ್ಲಿಸಬಾರದು. ಬೇಗ ಬಲಿಯುವ ಮೀನು, ತಡವಾಗಿ ಬಲಿಯುವ ಮೀನು ಎರಡೂ ಹೊಳೆಗೆ ಬೇಕು. ಮುಂಗಾರು ತಡವಾದ ವರ್ಷ ಹೊಳೆಯನ್ನು ಕಾಯುವುದು ಎರಡನೆಯ ಬಗೆಯೇ. ಗಂಡು ಸಿಗುವಾಗ ಹೆಣ್ಣು ಸಿಗದಿದ್ದರೆ ಹಾಲನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ವರ್ಷಗಟ್ಟಲೆ ಇಡಬಹುದು. ಹೋರಿಯ ವೀರ್ಯವನ್ನು ಇಡುವ ಹಾಗೆಯೇ. ಮೀನಿನ ಮೊಟ್ಟೆಯನ್ನು ಹಾಗೆ ಇಡುವ ವಿಧಾನ ಮಾತ್ರ ಇನ್ನೂ ಕೈಗೂಡಿಲ್ಲ.

ಹೊಂಡಕ್ಕೆ ಏನು ಬಿಡಬೇಕು?

ಕೆಲವು ತಿಂಗಳ ಮೇಲೆ ಆ ಊರಿಗೆ ಮತ್ತೆ ಹೋದಾಗ ಈ ಲೆಕ್ಕವನ್ನೆಲ್ಲ ಆ ಹಿರಿಯರ ಜಗಲಿಯ ಮೇಲೆ ಕುಳಿತು ವಿವರಿಸಿದೆ. ಮಡುವಿನಲ್ಲಿರುವುದು ಯಾವ ಮಹಶೀರ್ ಎಂಬುದು ಮೊದಲು ಗೊತ್ತಾಗಬೇಕು, ಅಲ್ಲಿಯವರೆಗೆ ಹೊರಗಿನ ಒಂದು ಮರಿಯನ್ನೂ ಬಿಡಬೇಡಿ, ಮೀನುಗಾರಿಕೆ ಇಲಾಖೆಯ ಒಪ್ಪಿಗೆಯಿಲ್ಲದೆ ಹೊಳೆಯಿಂದ ತಾಯಿಮೀನು ತೆಗೆಯಲೂ ಬೇಡಿ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಹುಡುಗರು ಎತ್ತಿದ ಚಂದಾ ಏನ್ಮಾಡೋದು ಸಾರ್?" ಎಂದರು. ಬೇಸಿಗೆಯ ಮೂರು ತಿಂಗಳು ಮಡುವಿನ ಹತ್ತಿರ ಪಂಪು ಇಡದಂತೆ, ಸಿಡಿಮದ್ದು ಬೀಳದಂತೆ ಸರದಿಯ ಮೇಲೆ ಕಾಯುವವರಿಗೆ ಕೂಲಿ ಕೊಡಬಹುದು ಎಂದೆ. ಉಳಿದಿರುವ ಮೀನು ತಾವಾಗಿ ಮೊಟ್ಟೆ ಇಟ್ಟರೆ ತಂದೆತಾಯಿಗಳ ಲೆಕ್ಕ ಬಹುಮಟ್ಟಿಗೆ ಹೊಳೆಯೇ ನೋಡಿಕೊಳ್ಳುತ್ತದೆ. ರಾಮನಾಥಪುರದಲ್ಲಿ ದೇವಸ್ಥಾನದ ಮುಂದಿನ ನೀರಿನಲ್ಲಿ ಮೀನು ಹಿಡಿಯದೆ ಉಳಿಸಿಕೊಂಡು ಬಂದುದನ್ನು ಅವರೂ ಕಂಡಿದ್ದರು.

ಅವರ ಹೊಂಡ ಸುಮಾರು ನಾಲ್ಕು ಗುಂಟೆಯದು. ಅದಕ್ಕೆ ಬೆರಳುದ್ದದ 200 ಮರಿ ಸಾಕು: ಕಾಟ್ಲಾ 80, ರೋಹು 60, ಮೃಗಾಲ್ 60. ಮರಿ ಕೊಳ್ಳುವಾಗ ತಾಯಿಮೀನು ಎಷ್ಟಿವೆ, ಎಂದು ಬದಲಾಯಿಸಿದರು ಎಂದು ಮಾರುವವರನ್ನು ಕೇಳಿ ಎಂದು ಹೇಳಿದೆ. ಮರಿಗಳಲ್ಲಿ ಸೊಟ್ಟಬೆನ್ನಿನವು ನೂರಕ್ಕೆ ಎರಡು ಮೂರು ಕಂಡರೂ ಆ ತೊಟ್ಟಿಯ ಮರಿ ಬೇಡ. ಮಳೆಗಾಲದಲ್ಲಿ ಹೊಂಡದ ಕೋಡಿ ಹರಿದು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಸೇರುತ್ತದೆ. ಆದ್ದರಿಂದ ಕೋಡಿಗೆ ಸಣ್ಣ ಕಣ್ಣಿನ ಬಲೆಯನ್ನು ಎರಡು ಪದರ ಕಟ್ಟಿ, ಕಸ ತುಂಬದಂತೆ ಮಳೆ ಬಂದ ಮರುದಿನ ಬೆಳಿಗ್ಗೆ ತೆಗೆದು ಶುಚಿಮಾಡಬೇಕು.